ಐದು ಜನ, ನಾಲ್ಕು ಥರದ ಟಿಕೆಟ್ಟು

ಕಳೆದ ಭಾನುವಾರ ನಾವು ಐದು ಜನ ಬಸವನಗುಡಿಯ ಅಕ್ಕನ ಮನೆಗೆ ಹೊರಟೆವು. ನಮ್ಮದು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಬಡಾವಣೆ. ಮನೆ ಹತ್ತಿರ ಸಣ್ಣ ಬಸ್ಸು ಹತ್ತಿ ಮೇನ್ ರೋಡಿಗೆ ಬರಬೇಕು, ಅಲ್ಲಿಂದ ದೊಡ್ಡ ಬಸ್ಸು. ಕಂಡಕ್ಟರ್ ಟಿಕೆಟ್ ಕೊಡತೊಡಗಿದಾಗ ನನಗೂ ಮಗಳಿಗೂ ಸೊನ್ನೆ ರೂಪಾಯಿಯ ಚೀಟಿ, ಹನ್ನೊಂದು ವರ್ಷದ ಮಗನಿಗೆ ಅರ್ಧ ಟಿಕೆಟ್, ಮಾವನವರಿಗೆ ಹಿರಿಯ ನಾಗರಿಕರ ರಿಯಾಯಿತಿ, ಯಜಮಾನರಿಗೆ ಪೂರ್ತಿ. ಒಂದೇ ಸೀಟಿನ ಸಾಲಿನಲ್ಲಿ ನಾಲ್ಕು ಥರದ ಟಿಕೆಟ್ಟು!

ಜಗಳ ಅಲ್ಲೇ ಶುರುವಾಯಿತು. "ಅಕ್ಕನಿಗೆ ದುಡ್ಡೇ ಇಲ್ಲ ಅಂದ್ಮೇಲೆ ಚೀಟಿ ಯಾಕೆ ಕೊಡ್ತಾರೆ?" ಎಂದ ಮಗ. ಪ್ರಶ್ನೆ ಒಳ್ಳೆಯದೇ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರು ಮತ್ತು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಆದರೆ ಬಸ್ಸಿಗೆ ಡೀಸೆಲ್ ಉಚಿತವಲ್ಲವಲ್ಲ! ಆ ಚೀಟಿಗಳ ಲೆಕ್ಕ ಹಿಡಿದು ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡಬೇಕು. ಹಾಗಾಗಿ ಸೊನ್ನೆಯ ಚೀಟಿಯೂ ಲೆಕ್ಕದ ಚೀಟಿಯೇ, ಬಿಸಾಡಬಾರದು.

ಮೇನ್ ರೋಡಿನಲ್ಲಿ ಇಳಿದು ದೊಡ್ಡ ಬಸ್ಸು ಹತ್ತಿದೆವು. ಮತ್ತೆ ಟಿಕೆಟ್. "ಈಗ ತಾನೇ ಕೊಟ್ವಲ್ಲ?" ಎಂದ ಮಗ. ಅವನ ಈ ಎರಡನೇ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಕೊರೆಯುತ್ತಿದೆ.

ನಗರದ ಬಸ್ಸಿನ ದರ ಸ್ಟೇಜ್ ಲೆಕ್ಕದ್ದು. ಒಂದು ಸ್ಟೇಜ್ ಎಂದರೆ ಸುಮಾರು ಎರಡು ಕಿಲೋಮೀಟರ್. ಮೊದಮೊದಲ ಸ್ಟೇಜುಗಳಲ್ಲಿ ದರ ಬೇಗ ಬೇಗ ಏರುತ್ತದೆ, ದೂರ ಹೋದಂತೆ ಏರಿಕೆ ನಿಧಾನವಾಗುತ್ತದೆ. ಆದ್ದರಿಂದ ಒಂದೇ ಬಸ್ಸಿನಲ್ಲಿ ದೂರ ಹೋಗುವವರಿಗೆ ಲಾಭ. ನಡುವೆ ಬಸ್ಸು ಬದಲಿಸಿದರೆ ಮೀಟರು ಮತ್ತೆ ಮೊದಲಿನಿಂದ. ನೇರ ಬಸ್ಸಿಲ್ಲದ ಹೊರವಲಯದವರಿಗೇ ಈ ಪೆಟ್ಟು ಹೆಚ್ಚು. 2025ರ ಜನವರಿಯಲ್ಲಿ ದರ ಶೇಕಡ 15ರಷ್ಟು ಏರಿ, ಸಾಮಾನ್ಯ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 6 ಆಯಿತು. (ಹತ್ತರ ನೋಟಿಗೆ ನಾಲ್ಕು ರೂಪಾಯಿ ಚಿಲ್ಲರೆ ಹುಡುಕುವ ಕಂಡಕ್ಟರ್ ಪಾಡು ಬೇರೆ! ಈಗ ಕ್ಯೂಆರ್ ಕೋಡ್ ಇರುವುದು ಎಷ್ಟೋ ವಾಸಿ. ಮೊದಲು ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಯನ್ನು ಮರೆತು ಎಷ್ಟು ಸಲ ಇಳಿದಿದ್ದೇನೋ.)

ಲಂಡನ್ನಿನಲ್ಲಿ 2016ರಿಂದ ಒಂದು ಅನುಕೂಲವಿದೆ. ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಿದರೆ ಎರಡನೆಯದಕ್ಕೆ ದುಡ್ಡಿಲ್ಲ. 2018ರಿಂದ ಆ ಗಂಟೆಯಲ್ಲಿ ಎಷ್ಟು ಬಸ್ಸಾದರೂ ಹತ್ತಬಹುದು. ನಮ್ಮಲ್ಲಿ ಪಾಸ್ ಇದೆಯಲ್ಲ ಎನ್ನುತ್ತಾರೆ ಯಜಮಾನರು. ಇದೆ. ದಿನದ ಪಾಸ್ 80, ವಾರದ್ದು 350, ತಿಂಗಳಿನದು 1200. ಮಕ್ಕಳೇ, ಇಲ್ಲೊಂದು ಲೆಕ್ಕ ಹಾಕಿ ನೋಡಿ: ನಾಲ್ಕು ವಾರದ ಪಾಸಿಗೆ ಎಷ್ಟಾಯಿತು? 1400. ಅಂದರೆ ಒಂದನೇ ತಾರೀಖು ಕೈಯಲ್ಲಿ 1200 ಇದ್ದವರಿಗೆ ಅಗ್ಗ, ವಾರವಾರ ಹೊಂದಿಸುವವರಿಗೆ ತುಟ್ಟಿ. ಇದನ್ನು ಯಾರೂ ಬೇಕೆಂದು ಮಾಡಿರಲಾರರು. ಆದರೆ ಆಗಿರುವುದು ಹಾಗೆ.

ನಮ್ಮ ಕಾಂಪ್ಲೆಕ್ಸಿನ ಗೇಟಿನ ಕಾವಲುಗಾರರಿಗೆ ಅರವತ್ತರ ಆಸುಪಾಸು. ಮೇನ್ ರೋಡಿನಿಂದ ನಮ್ಮ ಗೇಟಿಗೆ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅವರು ಬೆಳಿಗ್ಗೆ ನಡೆದೇ ಬರುತ್ತಾರೆ, ರಾತ್ರಿ ನಡೆದೇ ಹೋಗುತ್ತಾರೆ. ಅಕ್ಕನ ಮನೆಯಿಂದ ಬಂದ ಮೇಲೆ ಮಗ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೀಚಿದ: ಹೋಗಲು 6, ಬರಲು 6, ತಿಂಗಳಿಗೆ 26 ದಿನ, ಒಟ್ಟು 312 ರೂಪಾಯಿ. ದಿನಕ್ಕೆ ಅರ್ಧ ಲೀಟರಿನಂತೆ ಹನ್ನೆರಡು ದಿನದ ಹಾಲಿನ ದುಡ್ಡು ಅದು. ದೊಡ್ಡ ಬಸ್ಸಿನ ಟಿಕೆಟ್ಟನ್ನೇ ಸಣ್ಣ ಬಸ್ಸಿನಲ್ಲೂ ಒಪ್ಪಿಕೊಂಡರೆ ತಾತ ನಡೆಯಬೇಕಾಗಿಲ್ಲ ಎಂಬುದು ಅವನ ವಾದ. ನನಗೂ ಸರಿಯೆನಿಸಿತು.

ಹಾಳೆ ಹಿಡಿದು ಗೇಟಿಗೆ ಓಡಿದ. ನಾನೂ ಹಿಂದೆ ಹೋದೆ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು.

"ಲೆಕ್ಕ ಚೆನ್ನಾಗೈತೆ ಮರಿ. ಆದ್ರೆ ನನ್ನ ಡ್ಯೂಟಿ ಮುಗಿಯೋದು ಎಷ್ಟೊತ್ತಿಗೆ?"

"ಒಂಬತ್ತಕ್ಕೆ."

"ಇಲ್ಲಿಂದ ಕೊನೇ ಬಸ್ಸು ಎಷ್ಟೊತ್ತಿಗೆ?"

ಮಗ ನನ್ನ ಮುಖ ನೋಡಿದ. ಎಂಟೂವರೆಗೆ. ನನಗೆ ಗೊತ್ತಿತ್ತು. ಒಂಬತ್ತರ ಮೇಲೆ ನಾವು ಆಟೋ ಕರೆಯುತ್ತೇವೆ, ಅಷ್ಟೇ. ಆ ರಸ್ತೆಯಲ್ಲಿ ಕೆರೆ ಏರಿಯ ಹತ್ತಿರ ದೀಪವೂ ಇಲ್ಲ.

"ಟಿಕೆಟ್ ಫ್ರೀ ಮಾಡಿದ್ರೂ ರಾತ್ರಿ ನಾನು ನಡೀಲೇಬೇಕಲ್ಲ?" ಎಂದು ಅವರು ನಕ್ಕು ಹಾಳೆ ವಾಪಸ್ ಕೊಟ್ಟರು.

ಮಗ ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕುಳಿತು 312ನ್ನು ಹೊಡೆದುಹಾಕಿ 156 ಎಂದು ಬರೆದ. ಅದರ ಕೆಳಗೆ, ದೊಡ್ಡ ಅಕ್ಷರದಲ್ಲಿ: "9-15ಕ್ಕೆ ಒಂದು ಬಸ್ಸು ಬೇಕು."