ಹರವೆಯೋ, ಹರಿವೆಯೋ?

ಚಾಮರಾಜನಗರ ತಾಲ್ಲೂಕಿನ ಹರವೆಯ ಒಬ್ಬ ವಿದ್ಯಾರ್ಥಿನಿ ತನ್ನೂರಿನ ಅರಿಶಿನ ಬೇಸಾಯದ ಬಗ್ಗೆ ವೆಬ್ ಪುಟವೊಂದನ್ನು ತಯಾರಿಸಿದಳೆಂದು ಇಟ್ಟುಕೊಳ್ಳಿ. ಕೊಂಬು ಕೀಳುವುದು, ಬೇಯಿಸುವುದು, ಒಣಗಿಸಿ ಹೊಳಪು ಕೊಡುವುದು ಎಲ್ಲವನ್ನೂ ಅಜ್ಜನ ಬಾಯಿಂದ ಕೇಳಿ ಬರೆದಿದ್ದಾಳೆ. ತಿಂಗಳು ಕಳೆದ ಮೇಲೆ ಹುಡುಕಿದರೆ ಪುಟದ ಸುಳಿವೇ ಇಲ್ಲ. ಸಿಕ್ಕಿದ್ದು ಹರಿವೆ ಸೊಪ್ಪಿನ ಪಲ್ಯ ಮಾಡುವ ವಿಧಾನ! ಒಂದು ಗುಡಿಸಿನ ವ್ಯತ್ಯಾಸ ಊರನ್ನು ಅಡುಗೆಮನೆಗೆ ಕಳಿಸಿತು.

ಆಗ ಯಾರಾದರೂ ‘ಮೆಟಾ ಟ್ಯಾಗ್ ಹಾಕು’ ಎನ್ನುತ್ತಾರೆ. ಏನಿದು? ಪ್ರತಿ ವೆಬ್ ಪುಟಕ್ಕೂ ‘ಹೆಡ್’ ಎಂಬ ತಲೆಭಾಗವಿದೆ. ಓದುಗರ ಕಣ್ಣಿಗೆ ಬೀಳದ ಅಲ್ಲಿ ಪುಟದ ಬಗೆಗಿನ ಮಾಹಿತಿಯನ್ನು ಬರೆದಿಡುತ್ತಾರೆ. ಮೂಟೆಗೆ ಕಟ್ಟಿದ ಚೀಟಿಯಂತೆ. 1996ರ ಹೊತ್ತಿಗೆ ಆಲ್ಟಾವಿಸ್ಟಾ, ಇನ್ಫೋಸೀಕ್ ಎಂಬ ಸರ್ಚ್ ಎಂಜಿನ್‌ಗಳು ಈ ಚೀಟಿಯಲ್ಲಿನ ‘ಕೀವರ್ಡ್’ಗಳನ್ನು ಓದಿ ನಂಬುತ್ತಿದ್ದವು.

ಕನ್ನಡಕ್ಕಂತೂ ಆಗ ಅದೇ ಗತಿ. 1996ರಲ್ಲಿ ಡಾ. ಯು. ಬಿ. ಪವನಜ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದ ಕಾಲದಲ್ಲಿ ತೆರೆಯ ಮೇಲೆ ಕಾಣುವ ಕನ್ನಡ ಕೇವಲ ಫಾಂಟಿನ ವೇಷ. ಒಳಗಿರುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತ. ಮುಂದೆ ಬಂದ ‘ನುಡಿ’ ತಂತ್ರಾಂಶದ ಹಳೆಯ ಸಂಕೇತದಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದರೆ ಗಣಕದಲ್ಲಿ ಉಳಿಯುತ್ತಿದ್ದುದು ದೊಡ್ಡ ‘ಪಿ’, ತಲೆಯ ಮೇಲೆ ಗೀಟಿರುವ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ, ಇಂಥ ಕಲಸುಮೇಲೋಗರ. ಇದನ್ನು ಯಾವ ಸರ್ಚ್ ಎಂಜಿನ್ ತಾನೇ ಕನ್ನಡವೆಂದು ಗುರುತಿಸೀತು? ಇಂಗ್ಲಿಷಿನಲ್ಲಿ ಬರೆದ ಶೀರ್ಷಿಕೆ ಮತ್ತು ಮೆಟಾ ಟ್ಯಾಗ್ ಇಲ್ಲದಿದ್ದರೆ ಇಡೀ ಲೇಖನ ಇದ್ದೂ ಇಲ್ಲದಂತೆ. 1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಅದು ಮನೆಯ ಗಣಕಕ್ಕೆ ಬರಲು 2001ರ ವಿಂಡೋಸ್ ಎಕ್ಸ್‌ಪಿ ತನಕ ಕಾಯಬೇಕಾಯಿತು. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ಸಂಕೇತದಲ್ಲಿ ಮಾಡಿಸಿದ ಲೇಖನವನ್ನು ಇಂದಿಗೂ ಯುನಿಕೋಡ್‌ಗೆ ಪರಿವರ್ತಿಸಿಯೇ ಜಾಲಕ್ಕೆ ಏರಿಸಬೇಕು.

ಕೀವರ್ಡ್ ಚೀಟಿಯ ಮಾನ ಕಳೆದವರು ಮನುಷ್ಯರೇ. ಅಕ್ಕಿ ಮಾರುವವನು ಸಿನಿಮಾ ನಟಿಯ ಹೆಸರನ್ನೂ ಸೇರಿಸಿ, ಒಂದೇ ಪದವನ್ನು ನೂರು ಸಲ ಬರೆದು ಜನರನ್ನು ಸೆಳೆಯತೊಡಗಿದ. ಕೀವರ್ಡ್ ಟ್ಯಾಗನ್ನು ಪುಟಗಳ ಶ್ರೇಣಿಗೆ ಪರಿಗಣಿಸುವುದೇ ಇಲ್ಲವೆಂದು ಗೂಗಲ್ 2009ರ ಸೆಪ್ಟೆಂಬರಿನಲ್ಲಿ ಸಾರಿತು. ಆದ್ದರಿಂದ ಕೀವರ್ಡ್ ತುಂಬಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆಂದು ಯಾರಾದರೂ ಹಣ ಕೇಳಿದರೆ ತಂದೆತಾಯಿಗಳು ಜೇಬಿಗೆ ಕೈ ಹಾಕಬೇಕಿಲ್ಲ.

ಹಾಗೆಂದು ಎಲ್ಲ ಚೀಟಿಗಳೂ ವ್ಯರ್ಥವಲ್ಲ. ‘ರೋಬಾಟ್ಸ್’ ಎಂಬ ಟ್ಯಾಗಿನಲ್ಲಿ ‘ನೋ ಇಂಡೆಕ್ಸ್’ ಎಂದಿದ್ದರೆ ಗೂಗಲ್ ಆ ಪುಟವನ್ನು ತನ್ನ ಪಟ್ಟಿಗೆ ಸೇರಿಸುವುದಿಲ್ಲ. ಪುಟ ತಯಾರಾಗುವ ತನಕ ಯಾರೂ ನೋಡದಿರಲೆಂದು ಇದನ್ನು ಹಾಕಿ ಆಮೇಲೆ ತೆಗೆಯಲು ಮರೆಯುವವರು ಬಹಳ. ಮಾದರಿ ಪುಟವೊಂದನ್ನು ನಕಲು ಮಾಡಿಕೊಂಡರೆ ಅದರ ಜೊತೆಗೇ ಈ ಬೀಗವೂ ಬಂದುಬಿಡುತ್ತದೆ. ಹರವೆಯ ಹುಡುಗಿ ಮೊದಲು ನೋಡಬೇಕಾದದ್ದು ಇದನ್ನೇ. ‘ಯುಟಿಎಫ್-8’ ಎಂಬ ಅಕ್ಷರ ಸಂಕೇತದ ಟ್ಯಾಗ್ ಇದೆಯೇ ಎಂಬುದೂ ಮುಖ್ಯ. ಇಲ್ಲದಿದ್ದರೆ ಅಕ್ಷರಗಳು ಕೆಡಬಹುದು.

ಇನ್ನು ‘ಡಿಸ್ಕ್ರಿಪ್ಷನ್’. ಇದರಿಂದ ಗೂಗಲ್‌ನಲ್ಲಿ ಪುಟದ ಸ್ಥಾನ ಮೇಲೇರದು. ಆದರೆ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಎರಡು ಸಾಲು ಅನೇಕ ವೇಳೆ ಇಲ್ಲಿಂದಲೇ ಬರುತ್ತದೆ. ಒತ್ತುವುದೋ ಬಿಡುವುದೋ ಎಂದು ಓದುಗ ತೀರ್ಮಾನಿಸುವುದು ಅಲ್ಲೇ. ‘ನನ್ನ ಪುಟಕ್ಕೆ ಸ್ವಾಗತ’ ಎಂದು ಬರೆದರೆ ಯಾರಿಗೇನು ತಿಳಿದೀತು?

ಹೆಸರಿನ ತೊಡಕಿಗೆ ಮದ್ದು ಕಣ್ಣಿಗೆ ಕಾಣುವ ಬರಹದಲ್ಲೇ ಇದೆ. ಚಾಮರಾಜನಗರವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ‘ಎ’ ಅಕ್ಷರ ಎಷ್ಟು ಎಂಬುದರಲ್ಲೇ ಜಗಳ. ಪುಟದ ಶೀರ್ಷಿಕೆಯಲ್ಲಿ ಊರಿನ ಜೊತೆ ಜಿಲ್ಲೆಯ ಹೆಸರಿರಲಿ, ಲೇಖನದಲ್ಲಿ ಒಂದೆಡೆ ಇಂಗ್ಲಿಷ್ ಕಾಗುಣಿತವೂ ಬರಲಿ. ಡಿಸ್ಕ್ರಿಪ್ಷನ್ ಜಾಗದಲ್ಲಿ ಆಕೆ ಹೀಗೆ ಬರೆದರೆ ಸಾಕು: ‘ಚಾಮರಾಜನಗರ ಜಿಲ್ಲೆಯ ಹರವೆಯಲ್ಲಿ ಅರಿಶಿನ ಕೀಳುವ, ಬೇಯಿಸುವ, ಒಣಗಿಸುವ ಕ್ರಮ, ಅಜ್ಜ ಹೇಳಿದಂತೆ.’