ಆರಾಮ ಇದ್ದೀರಾ?

ಸಂಘದ ಕಾರ್ಯಕ್ರಮ ಮುಗಿದು ಹೊರಗೆ ಬರುವಾಗ ಹಿರಿಯರೊಬ್ಬರು ಎದುರಾದರೆ ನೀವು ಮೊದಲು ಕೇಳುವುದೇನು? "ಆರಾಮ ಇದ್ದೀರಾ?" ಕೇಳುತ್ತೀರಿ, ಉತ್ತರ ಬರುವಷ್ಟರಲ್ಲಿ ಚಪ್ಪಲಿ ಹುಡುಕುತ್ತಿರುತ್ತೀರಿ. ವೈದ್ಯನಾದ ನನ್ನದೂ ಅದೇ ಚಾಳಿ.

ಆದರೆ ವೃದ್ಧಾಪ್ಯವನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಕೇಳಿ ಉತ್ತರ ಬರೆದುಕೊಳ್ಳುತ್ತಾರೆ. ಒಟ್ಟಾರೆ ನಿಮ್ಮ ಆರೋಗ್ಯ ಬಹಳ ಚೆನ್ನಾಗಿದೆಯೋ, ಚೆನ್ನಾಗಿದೆಯೋ, ಸುಮಾರೋ, ಚೆನ್ನಾಗಿಲ್ಲವೋ? ಅಷ್ಟೇ ಪ್ರಶ್ನೆ. ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ 65 ದಾಟಿದವರಿಗೆ ಹೀಗೆ ಕೇಳಿ, ಮುಂದಿನ ಕೆಲವು ವರ್ಷ ಅವರನ್ನು ಗಮನಿಸಿದ ಅಧ್ಯಯನವೊಂದು 1982ರಲ್ಲಿ ಪ್ರಕಟವಾಯಿತು. "ಚೆನ್ನಾಗಿಲ್ಲ" ಎಂದವರಲ್ಲಿ ಸಾವಿನ ಸಂಭವ "ಬಹಳ ಚೆನ್ನಾಗಿದೆ" ಎಂದವರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು! ವಯಸ್ಸು, ದಾಖಲೆಯಲ್ಲಿದ್ದ ಕಾಯಿಲೆಗಳು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಅಂದರೆ ಕಡತದಲ್ಲಿಲ್ಲದ ಏನೋ ಒಂದು ಆ ಮುದುಕರಿಗೆ ತಿಳಿದಿತ್ತು.

ಏನದು? ಉತ್ತರದ ಒಂದು ಪಾಲು ಉರಿಯೂತದಲ್ಲಿದೆ ಎಂದು ಈಗ ತೋರುತ್ತಿದೆ.

ಉರಿಯೂತ ನಿಮಗೆ ಹೊಸದಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೆ ಕೆಂಪಾಗಿ, ಬಿಸಿಯಾಗಿ, ಊದಿ ನೋಯುತ್ತದಲ್ಲ, ಅದೇ. ಅದು ದೇಹದ ಕಾವಲು ಕೆಲಸ; ಮುಳ್ಳು ಹೋದ ಮೇಲೆ ಶಮನವಾಗಬೇಕು. ವಯಸ್ಸಾದಂತೆ ಮಾತ್ರ ಒಲೆ ಪೂರ್ತಿ ಆರುವುದಿಲ್ಲ, ಬೂದಿಯೊಳಗೆ ಕೆಂಡ ಉಳಿಯುತ್ತದೆ. ಹೊಟ್ಟೆಯ ಸುತ್ತಲಿನ ಕೊಬ್ಬು, ಬೀಡಿ ಸಿಗರೇಟು, ವಸಡಿನ ಕೀವು, ಕೆಟ್ಟ ನಿದ್ದೆ, ಎಲ್ಲವೂ ಅದಕ್ಕೆ ಗಾಳಿ ಊದುತ್ತವೆ. ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಈ ಮುಪ್ಪಿನ ಉರಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು.

ಇನ್ನು ಇದಕ್ಕೂ "ಯಾಕೋ ಆರಾಮಿಲ್ಲ" ಎಂಬ ಮಾತಿಗೂ ಏನು ಸಂಬಂಧ? ನಿಮಗೆ ಜ್ವರ ಬಂದ ದಿನವನ್ನು ನೆನೆಸಿಕೊಳ್ಳಿ. ಊಟ ಸೇರುವುದಿಲ್ಲ, ಮಾತು ಬೇಡ, ಮುಸುಕೆಳೆದು ಮಲಗಿದರೆ ಸಾಕು. ಕಾವಲು ಕಣಗಳು ಹೊರಬಿಡುವ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳು ರಕ್ತದ ಮೂಲಕವೂ ನರಗಳ ಮೂಲಕವೂ ಮಿದುಳಿಗೆ ಸುದ್ದಿ ಮುಟ್ಟಿಸುವುದರಿಂದ ಹೀಗಾಗುತ್ತದೆ. ಸ್ವೀಡನ್ನಿನ ಸಂಶೋಧಕರು ಆರೋಗ್ಯವಂತ ಯುವಕರಿಗೆ ಬ್ಯಾಕ್ಟೀರಿಯಾದ ಹೊರಕವಚದ ಒಂದು ಅಂಶವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ ನೋಡಿದರು. ಕೆಲವೇ ಗಂಟೆಗಳಲ್ಲಿ ಆ ಹುಡುಗರೂ ತಮ್ಮ ಆರೋಗ್ಯಕ್ಕೆ ಕಡಿಮೆ ಅಂಕ ಕೊಟ್ಟರು. ಅಮೆರಿಕದ ಒಹಾಯೊದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಆರೋಗ್ಯ ಚೆನ್ನಾಗಿಲ್ಲ ಎಂದ ಹಿರಿಯರ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿದ್ದವು.

ನಮ್ಮ ಮುಂಬಯಿಯ ದೇವನಾರದಲ್ಲಿರುವ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 45 ದಾಟಿದವರು ಮತ್ತು ಅವರ ಪತಿ-ಪತ್ನಿಯರು ಸೇರಿ 72,000ಕ್ಕೂ ಮಿಕ್ಕಿ ಜನರಿದ್ದರು. ಅಲ್ಲೂ ಈ ಪ್ರಶ್ನೆಯಿತ್ತು. ಬೆರಳಿನ ರಕ್ತದ ಹನಿಯನ್ನೂ ಕಾಗದದ ಮೇಲೆ ಒಣಗಿಸಿ ಒಯ್ದಿದ್ದರು.

ಇದನ್ನೋದಿ ನಾಳೆಯೇ ಸಿ.ಆರ್.ಪಿ. ಪರೀಕ್ಷೆಗೆ ಓಡಬೇಡಿ. ಲಿವರ್ ತಯಾರಿಸುವ ಈ ಪ್ರೋಟೀನು ನೆಗಡಿಯಾದರೂ ಏರುತ್ತದೆ. ಉರಿಯೂತವೇ ಎಲ್ಲಕ್ಕೂ ಕಾರಣ ಎಂದೂ ನಾನು ಹೇಳುತ್ತಿಲ್ಲ. ಒಂಟಿತನ, ಖಿನ್ನತೆ, ರಕ್ತಹೀನತೆ, ಥೈರಾಯ್ಡ್ ಎಲ್ಲವೂ ಮೈಯನ್ನು ಭಾರ ಮಾಡುತ್ತವೆ. ಮನಸ್ಸಿನ ಬೇಗೆಯೂ ಮೈಯ ಉರಿಯೂ ಒಂದನ್ನೊಂದು ಹೆಚ್ಚಿಸುವುದೂ ಉಂಟು.

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಧಾರವಾಡದಿಂದ ನಮ್ಮ ಮನೆಗೆ ಬಂದಿದ್ದ ಸೋದರತ್ತೆ ದಿನಾ ಬೆಳಿಗ್ಗೆ "ಯಾಕೋ ಮೈಯಾಗ ಆರಾಮ ಇಲ್ಲೋ" ಎನ್ನುತ್ತಿದ್ದಳು. ಸಕ್ಕರೆ, ಬಿ.ಪಿ., ಇ.ಸಿ.ಜಿ. ಎಲ್ಲ ಸರಿಯಿತ್ತು. "ರಿಪೋರ್ಟ್ ನಾರ್ಮಲ್ ಅದ ಅತ್ತಿ, ವಯಸ್ಸಾತಲ್ಲ" ಎಂದು ನಕ್ಕು ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ರೊಟ್ಟಿ ಬಿಟ್ಟು ಬರೀ ಮೆತ್ತನೆ ಅನ್ನ ಉಣ್ಣುತ್ತಿದ್ದುದನ್ನು ಗಮನಿಸಿದವಳು ನನ್ನ ಹೆಂಡತಿ. ಬಾಯಿ ತೆರೆಸಿ ನೋಡಿದರೆ ವಸಡಿನ ತುಂಬ ಕೀವು. ಆ ಬಾಯಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ! ದಂತವೈದ್ಯರು ಎರಡು ಹಲ್ಲು ಕಿತ್ತರು, ವಸಡು ಶುಚಿ ಮಾಡಿದರು. ಸಂಜೆ ಹೆಂಡತಿಯ ಜೊತೆ ಕಾಲೋನಿಯಲ್ಲಿ ಎರಡು ಸುತ್ತು ನಡೆಯುವುದೂ ಶುರುವಾಯಿತು. ಗುಣ ಕಂಡದ್ದು ವಸಡಿನಿಂದಲೋ, ನಡಿಗೆಯಿಂದಲೋ, ಜೊತೆ ಸಿಕ್ಕಿದ್ದರಿಂದಲೋ, ಬಿಡಿಸಿ ಹೇಳಲಾರೆ.

ನಿಮ್ಮ ಮನೆಯ ಹಿರಿಯರು ಹೀಗೆಂದಾಗ ಯಾವಾಗಿನಿಂದ, ದಿನದ ಯಾವ ಹೊತ್ತಿನಲ್ಲಿ, ಊಟ-ನಿದ್ದೆ ಹೇಗಿದೆ ಎಂದು ಕೇಳಿ, ಬರೆದುಕೊಂಡು ವೈದ್ಯರ ಬಳಿ ಹೋಗಿ. ತೂಕ ಇಳಿದಿದ್ದರೆ, ಸಣ್ಣ ಜ್ವರ ಬಿಡದಿದ್ದರೆ ತಡಮಾಡಬೇಡಿ.

ಅತ್ತೆ ಈಗ ಊರಿಗೆ ಮರಳಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಈ ಸಲ ಉತ್ತರಕ್ಕೆ ಕಾದೆ. "ಹನ್ನೆರಡಾಣೆ ಆರಾಮ ಇದ್ದೀನಪಾ," ಎಂದಳು. "ಉಳಿದ ನಾಲ್ಕಾಣೆ ಮೊಣಕಾಲಿಗೆ ಹೋತು."