ಗಾಳಿ ಚೆನ್ನಾಗಿದೆ ಎಂದು ಬಂದವರು



ಯಲಹಂಕದಿಂದ ನಂದಿಬೆಟ್ಟದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆಯ ಬೋರ್ಡುಗಳನ್ನು ಓದಿ. ಬೆಟ್ಟ ಕಾಣುವ ವಿಲ್ಲಾ, ಕೆರೆ ಕಾಣುವ ಫ್ಲ್ಯಾಟು, ಶನಿವಾರ ಭಾನುವಾರಕ್ಕೊಂದು ತೋಟದ ಮನೆ. ಶುದ್ಧ ಗಾಳಿ, ಹಕ್ಕಿ ದನಿ, ಹಳ್ಳಿಯ ನೆಮ್ಮದಿ ಎಲ್ಲವೂ ಮಾರಾಟಕ್ಕಿವೆ. ಆ ಚಿತ್ರಗಳಲ್ಲಿ ಹಳ್ಳಿ ಇದೆ, ಕೇರಿ ಮಾತ್ರ ಇಲ್ಲ.

ವಲಸೆ ನಮಗೆ ಹೊಸದಲ್ಲ. ಹೊಟ್ಟೆಗಾಗಿ, ಓದಿಗಾಗಿ, ಊರಿನ ಅವಮಾನ ತಾಳಲಾರದೆ ನಾವು ಪಟ್ಟಣಕ್ಕೆ ಬಂದವರು. ಹಳ್ಳಿಯನ್ನು ಹಾಡಿ ಹೊಗಳುವವರನ್ನು ಬಾಬಾಸಾಹೇಬರು 1948ರಲ್ಲೇ ಸಂವಿಧಾನ ಸಭೆಯಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ಆದ್ದರಿಂದ ಹಳೇ ಹಳ್ಳಿ ಹೋಯಿತಲ್ಲಾ ಅಂತ ನಾವು ಕಣ್ಣೀರು ಹಾಕಬೇಕಾಗಿಲ್ಲ. ನಾವು ಕೇಳಬೇಕಾದ್ದು ಇಷ್ಟೇ: ಹೊಟ್ಟೆ ತುಂಬಿದವರು ನೆಮ್ಮದಿ ಹುಡುಕಿಕೊಂಡು ಹಳ್ಳಿಗೆ ಬಂದಾಗ, ಅಲ್ಲಿದ್ದವರ ಭೂಮಿ ಯಾರ ಪಾಲಾಯಿತು?

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ದ್ರಾಕ್ಷಿ, ಚಕ್ಕೋತ ಬೆಳೆಯುವ ಸೀಮೆಯಲ್ಲಿ ಎಕರೆಯ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬಂತು. ನಮ್ಮ ಕೇರಿಯ ಚಿಕ್ಕಮ್ಮ ಒಬ್ಬಳು ಮಗಳ ಮದುವೆಗೆಂದು ಒಂದೆಕರೆ ಬಿಟ್ಟುಕೊಟ್ಟಳು. ಈಗ ಅದೇ ನೆಲದ ಮೇಲೆ ಎದ್ದ ಮನೆಗಳಲ್ಲಿ ಕಸ ಗುಡಿಸುತ್ತಾಳೆ. ಸಂಜೆ ಹೊರಗೆ ಬರುವಾಗ ಗೇಟಿನವನು ಅವಳ ಚೀಲ ಬಿಚ್ಚಿಸಿ ನೋಡುತ್ತಾನೆ. ಕೆರೆಯ ಕಥೆಯೂ ಹೀಗೇ. ತೂಬೆತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಬಹಳ ಕಡೆ ನಮ್ಮವನೇ. ಇಂದು ಎಷ್ಟೋ ಕೆರೆಗೆ ಬೇಲಿ, ಸುತ್ತ ವಾಕಿಂಗ್ ದಾರಿ. ನೀರಗಂಟಿಯ ಮೊಮ್ಮಗ ಆ ಬೇಲಿಗೆ ವಾಚ್‌ಮನ್.

ಕಾನೂನು ಎಲ್ಲಿದೆ ಅಂತೀರಾ? ವ್ಯವಸಾಯಗಾರನಲ್ಲದವನು ಕೃಷಿ ಭೂಮಿ ಕೊಳ್ಳಬಾರದೆಂದು ಭೂಸುಧಾರಣೆ ಕಾಯ್ದೆಯಲ್ಲಿ ಇದ್ದ ತಡೆಯನ್ನು 2020ರಲ್ಲಿ ತೆಗೆದುಹಾಕಿದರು. ದುಡ್ಡಿದ್ದವನಿಗೆ ಬಾಗಿಲು ಪೂರಾ ತೆರೆಯಿತು. ನಮಗೆ ಉಳಿದಿರುವುದು 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ, ಕೊಂಡರೆ ಅದು ಊರ್ಜಿತವಲ್ಲ. ತಡವಾಗಿ ಬಂದಿರಿ ಎಂದು ಅರ್ಜಿಗಳು ಬಿದ್ದುಹೋಗುತ್ತಿದ್ದಾಗ, 2023ರ ತಿದ್ದುಪಡಿ ಕಾಲಮಿತಿ ಇಲ್ಲ ಎಂದು ಬರೆಯಿತು.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳನ್ನು ನೆನೆಯಿರಿ. ಕೈಗಾರಿಕೆಗೆಂದು 1,777 ಎಕರೆ ಕೇಳಿದ ಸರ್ಕಾರದ ಮುಂದೆ ಅವರು 2022ರಿಂದ ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಸರ್ಕಾರದ ನೋಟಿಸು ಊರಿಗೆಲ್ಲ ಒಟ್ಟಿಗೇ ಬರುತ್ತೆ, ಊರೂ ಒಟ್ಟಿಗೇ ಎದ್ದು ನಿಲ್ಲುತ್ತೆ. ಆದರೆ ಬ್ರೋಕರ್ ಬರೋದು ರಾತ್ರಿ ಹೊತ್ತು, ಒಂದೊಂದೇ ಮನೆಗೆ, ಸಾಲ ಇರುವ ಮನೆಯನ್ನೇ ಹುಡುಕಿಕೊಂಡು. ಅವನ ಮುಂದೆ ಅಪ್ಪ ಒಬ್ಬನೇ ಆಗಿಬಿಡುತ್ತಾನೆ.

ಆದ್ದರಿಂದ ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ಈ ರಜೆಗೆ ಊರಿಗೆ ಹೋದಾಗ ಟ್ರಂಕು ತೆಗೆಸಿ. ಸಾಗುವಳಿ ಚೀಟಿ, ಪಹಣಿ ಹುಡುಕಿ. ಮಂಜೂರಾತಿಯ ಷರತ್ತುಗಳನ್ನು ಅವ್ವ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿ. ಮೋಸವಾಗಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಬರೆಯಿರಿ. ನಮ್ಮ ಅಜ್ಜಂದಿರು ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ನಮಗೆ ಓದಲು ಬರುತ್ತದೆ.